ಚಳಿಗಾಲದ ಈರುಳ್ಳಿ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಚಳಿಗೆ ಮುನ್ನ ಬಿತ್ತಿ, ಚಳಿಯಲ್ಲಿ ನಿಲ್ಲಿಸಿ, ಬಿಸಿಲು ಏರುವಾಗ ಕೀಳುವ ಈರುಳ್ಳಿ ಕೈತೋಟದ ಬೆಳೆಗಳಲ್ಲೇ ದೀರ್ಘ ಅವಧಿಯದು. ಹದವಾದ ಚಳಿಯ ಕಡೆ ನಾಲ್ಕೈದು ತಿಂಗಳು, ಹಿಮ ಬೀಳುವ ಕಡೆ ಎಂಟೊಂಬತ್ತು ತಿಂಗಳು ಅದು ಮಡಿಯಲ್ಲೇ ಇರುತ್ತದೆ. ಹಾಗಾಗಿ ಇದರ ದೋಷ ಪತ್ತೆಯಲ್ಲಿ ಒಂದು ತೊಡಕಿದೆ. ತಪ್ಪು ನಡೆಯುವುದು ಒಂದು ತಿಂಗಳು, ಅದು ಕಣ್ಣಿಗೆ ಬೀಳುವುದು ಇನ್ಯಾವುದೋ ತಿಂಗಳು. ಗಡ್ಡೆ ಊದಬೇಕಾದ ಹೊತ್ತಿಗೆ ಹೂದಂಡು ಎದ್ದು ನಿಂತರೆ ಆ ವಾರ ಕೊಟ್ಟ ನೀರನ್ನೋ ಗೊಬ್ಬರವನ್ನೋ ದೂರಿ ಪ್ರಯೋಜನವಿಲ್ಲ. ತೊಂದರೆಯ ಮೂಲ ಬಿತ್ತನೆಯ ದಿನದಲ್ಲೇ ಇರುತ್ತದೆ. ಎಲೆ ಹಳದಿಯಾಯಿತೆಂದು ಕೈಗೆ ಸಿಕ್ಕ ಔಷಧಿ ಸಿಂಪಡಿಸುವ ಮುನ್ನ ಹಿಂದಕ್ಕೆ ಲೆಕ್ಕ ಹಾಕಬೇಕು: ಯಾವಾಗ ಬಿತ್ತಿದೆ, ಚಳಿ ಶುರುವಾದಾಗ ಸಸಿ ಎಷ್ಟು ದಪ್ಪವಿತ್ತು, ಮಡಿಯಲ್ಲಿ ನೀರು ಎಷ್ಟು ದಿನ ನಿಂತಿತ್ತು. ಹೆಚ್ಚಿನ ದೋಷಗಳು ಈ ಮೂರು ಪ್ರಶ್ನೆಗಳಲ್ಲೇ ಸಿಕ್ಕಿಬೀಳುತ್ತವೆ.

ಮೊದಲು ಮಡಿ ನೋಡಿ, ಆಮೇಲೆ ಗಿಡ ಕೀಳಿ

ಗಿಡದ ಹತ್ತಿರ ಕುಕ್ಕರುಗಾಲಲ್ಲಿ ಕೂರುವ ಮುನ್ನ ನಾಲ್ಕು ಹೆಜ್ಜೆ ಹಿಂದೆ ನಿಂತು ಇಡೀ ಮಡಿಯನ್ನು ನೋಡಿ. ತೊಂದರೆ ಹೇಗೆ ಹರಡಿದೆ ಎನ್ನುವುದರಲ್ಲೇ ಅರ್ಧ ಉತ್ತರವಿರುತ್ತದೆ. ಮಡಿಯುದ್ದಕ್ಕೂ ಒಂದೇ ಸಮನಾಗಿ ಕಂಡರೆ ಅದು ಹವೆ, ಆಹಾರ, ತಳಿ ಅಥವಾ ಬಿತ್ತನೆಯ ಕಾಲಕ್ಕೆ ಸಂಬಂಧಿಸಿದ್ದು. ಒಂದು ಕಡೆ ನಾಲ್ಕಾರು ಗಿಡ ಬಾಡಿ, ವಾರ ಕಳೆದಂತೆ ಆ ವೃತ್ತ ದೊಡ್ಡದಾಗುತ್ತಿದ್ದರೆ ಮಣ್ಣಿನಲ್ಲಿ ರೋಗವಿದೆ ಅಥವಾ ಬುಡದಲ್ಲಿ ಹುಳುವಿದೆ. ತಗ್ಗಿನ ಮೂಲೆ ಮಾತ್ರ ಸೊರಗಿದ್ದರೆ ನೀರು ನಿಲ್ಲುತ್ತಿದೆ. ಒಂದು ಸಾಲು ಮಾತ್ರ ಬೇರೆ ಥರ ಇದ್ದರೆ ಆ ಸಾಲನ್ನು ನಾಟಿ ಮಾಡಿದ ರೀತಿ, ಆಳ, ಸಸಿಯ ಗಾತ್ರ ಬೇರೆಯಾಗಿತ್ತು. ಮರದ ಕಡೆಯ ಅಂಚು ಮಾತ್ರ ಕುಗ್ಗಿದ್ದರೆ ನೆರಳು ಅಥವಾ ಮರದ ಬೇರಿನ ಪೈಪೋಟಿ.

ಆಮೇಲೆ ಮೂರು ಗಿಡ ಕಿತ್ತು ನೋಡಿ. ತೀರಾ ಕೆಟ್ಟದ್ದೊಂದು, ಅದರ ಪಕ್ಕದಲ್ಲಿ ಈಗಷ್ಟೇ ಲಕ್ಷಣ ತೋರುತ್ತಿರುವುದೊಂದು, ದೂರದಲ್ಲಿ ಚೆನ್ನಾಗಿರುವುದೊಂದು. ಪೂರ್ತಿ ಸತ್ತ ಗಿಡವನ್ನಷ್ಟೇ ನೋಡಿದರೆ ದಾರಿ ತಪ್ಪುತ್ತದೆ. ಸತ್ತ ಮೇಲೆ ಬೇರೆ ಬೂಜು, ಬೇರೆ ಹುಳು ಎಲ್ಲವೂ ಬಂದು ಸೇರಿಕೊಂಡಿರುತ್ತವೆ. ಎಲೆ ಹಿಡಿದು ಎಳೆಯಬೇಡಿ, ಬೇರು ಮಣ್ಣಿನಲ್ಲೇ ಉಳಿದುಬಿಡುತ್ತದೆ. ಕುರ್ಪಿಯಿಂದ ಮಣ್ಣು ಸಮೇತ ಎತ್ತಿ ಬಕೆಟ್ ನೀರಿನಲ್ಲಿ ಅಲುಗಾಡಿಸಿ ತೊಳೆಯಿರಿ. ಈ ಮೂರು ಗಿಡದ ನಷ್ಟಕ್ಕೆ ಹಿಂಜರಿಯುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಈರುಳ್ಳಿ ತನ್ನ ಕಷ್ಟವನ್ನೆಲ್ಲ ಮಣ್ಣಿನ ಕೆಳಗೇ ಬರೆದಿಟ್ಟಿರುತ್ತದೆ.

ಆರೋಗ್ಯವಂತ ಬೇರು ಬಿಳಿಯಾಗಿ, ಬಿಗಿಯಾಗಿ, ದಾರದಂತೆ ಒಂದರ ಪಕ್ಕ ಒಂದು ಇಳಿದಿರುತ್ತದೆ. ಈರುಳ್ಳಿಯ ಬೇರು ಕವಲೊಡೆಯುವುದು ತೀರಾ ಕಡಿಮೆ, ಬಹುಪಾಲು ಮೇಲಿನ 20–30 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತದೆ. ಹಳೆಯ ಬೇರು ಸಾಯುತ್ತಾ ಹೋದಂತೆ ಗಡ್ಡೆಯ ತಳದ ಗಟ್ಟಿ ಬಿಲ್ಲೆಯಿಂದ ಹೊಸ ಬೇರು ಹುಟ್ಟುತ್ತಲೇ ಇರಬೇಕು. ಆದ್ದರಿಂದ ಒಂದೆರಡು ಕಂದು ಬೇರು ಕಂಡರೆ ಗಾಬರಿ ಬೇಡ. ಹೊಸ ಬಿಳಿ ಮೊಳಕೆಯೇ ಇಲ್ಲದಿದ್ದರೆ ಮಾತ್ರ ಯೋಚಿಸಬೇಕು. ಬಳಿಕ ಗಿಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ, ತಳದ ಬಿಲ್ಲೆಯ ಬಣ್ಣ ಮತ್ತು ನಡುವಿನ ಸುಳಿಯನ್ನು ನೋಡಿ. ಸುಳಿಯಲ್ಲಿ ಎಳೆ ಎಲೆಯಿದೆಯೋ ಹಸಿರು ಮೊಗ್ಗಿದೆಯೋ ಎಂಬುದು ಹೊರಗೆ ಕಾಣುವುದಕ್ಕಿಂತ ಮೊದಲೇ ಇಲ್ಲಿ ತಿಳಿದುಬಿಡುತ್ತದೆ.

ಸಸಿ ಏಳದಿದ್ದರೆ

ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಈರುಳ್ಳಿ ಬೀಜದ ಜೀವ ಬೇಗ ಕುಂದುತ್ತದೆ. ಸಾಧಾರಣವಾಗಿ ಇಟ್ಟ ಬೀಜ ಒಂದೆರಡು ವರ್ಷಕ್ಕೆ ಮೊಳಕೆ ಶಕ್ತಿ ಕಳೆದುಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಇಪ್ಪತ್ತು ಬೀಜ ಇಟ್ಟು ಹತ್ತು ದಿನ ನೋಡಿ. ಅರ್ಧಕ್ಕಿಂತ ಕಡಿಮೆ ಮೊಳೆತರೆ ತಪ್ಪು ಬೀಜದ್ದು. ಬೀಜ ಸರಿಯಿದ್ದೂ ಸಸಿ ಏಳದಿದ್ದರೆ ಒಂದೂವರೆ ಸೆಂಟಿಮೀಟರ್‌ಗಿಂತ ಆಳಕ್ಕೆ ಬಿದ್ದಿದೆ, ಇಲ್ಲವೇ ಮೇಲ್ಮಣ್ಣು ಒಣಗಿ ಗಟ್ಟಿ ಪದರವಾಗಿದೆ. ಈರುಳ್ಳಿ ಮೊಳಕೆ ಮಡಚಿದ ಕೊಕ್ಕೆಯಂತೆ ಹೊರಬರುತ್ತದೆ, ಆ ಗಟ್ಟಿ ಪದರವನ್ನು ಒಡೆಯುವ ಶಕ್ತಿ ಅದಕ್ಕಿಲ್ಲ. ಎದ್ದ ಸಸಿಗಳು ಬುಡದಲ್ಲಿ ನೂಲಿನಂತೆ ಸಣ್ಣಗಾಗಿ ಮಲಗಿದರೆ ಅದು ಸಸಿ ಕೊಳೆ. ದಟ್ಟವಾಗಿ ಬಿತ್ತಿ, ಸಂಜೆ ಹೊತ್ತು ನೀರು ಹಾಕಿ, ಗಾಳಿಯಾಡದಂತೆ ಮುಚ್ಚಿಟ್ಟ ಸಸಿಮಡಿಯಲ್ಲಿ ಇದು ಖಚಿತ. ಸತ್ತ ಭಾಗವನ್ನು ಮಣ್ಣು ಸಮೇತ ತೆಗೆದು, ಉಳಿದಿದ್ದಕ್ಕೆ ಬೆಳಿಗ್ಗೆ ಮಾತ್ರ ನೀರು ಕೊಡಿ.

ಚಳಿಯ ನಡುವೆ ಗಿಡ ಕಾಣೆಯಾದರೆ, ಮೇಲೆ ಎದ್ದರೆ, ಬಿಳಿಚಿಕೊಂಡರೆ

ನಾಟಿ ಗಡ್ಡೆಗಳು (ಬೀಜದ ಬದಲು ನೆಡುವ ಪುಟ್ಟ ಈರುಳ್ಳಿಗಳು) ನೆಟ್ಟ ಮರುದಿನ ಮಣ್ಣಿನ ಮೇಲೆ ಉರುಳಿ ಬಿದ್ದಿವೆ ಎಂದರೆ ಬಹುತೇಕ ಹಕ್ಕಿಗಳ ಕೆಲಸ. ಒಣಗಿದ ತುದಿಯನ್ನು ಕೊಕ್ಕಿನಲ್ಲಿ ಹಿಡಿದು ಎಳೆಯುತ್ತವೆ. ಬೇರು ಬಿಟ್ಟ ಮೇಲೆ ನಿಲ್ಲಿಸುತ್ತವೆ, ಅಲ್ಲಿವರೆಗೆ ಬಲೆ ಹೊದಿಸಿದರೆ ಸಾಕು. ಬೇರು ಬಿಟ್ಟಿದ್ದ ಗಿಡವೂ ಮೇಲೆ ಎದ್ದು, ಬೇರು ಗಾಳಿಗೆ ತೆರೆದುಕೊಂಡಿದ್ದರೆ ಹಿಮ ಕಾರಣ. ರಾತ್ರಿ ಮಣ್ಣಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗಿ ಕುಸಿಯುತ್ತದೆ. ಈ ಏರಿಳಿತ ನಡೆದಷ್ಟೂ ಸಣ್ಣ ಸಸಿ ಮೇಲಕ್ಕೆ ತಳ್ಳಲ್ಪಡುತ್ತದೆ. ಮಣ್ಣು ಕರಗಿದ ಮಧ್ಯಾಹ್ನ ಬೆರಳಿನಿಂದ ಒತ್ತಿ ಕೂರಿಸಿ. ಹೀಗಾಗುತ್ತಿದ್ದರೆ ಸಸಿ ಚಳಿಗೆ ತೀರಾ ಚಿಕ್ಕದಾಗಿ ಸಿಕ್ಕಿತು, ಅಂದರೆ ಬಿತ್ತನೆ ತಡವಾಯಿತು ಎಂದೂ ಗುರುತು ಹಾಕಿಕೊಳ್ಳಿ.

ಹಿಮದ ರಾತ್ರಿಯ ಬಳಿಕ ಎಲೆ ನೀರು ತುಂಬಿದಂತೆ ಕಡುಹಸಿರಾಗಿ, ಆಮೇಲೆ ಬಿಳುಪಾಗಿ ಜೋತು ಬಿದ್ದರೆ ಅದು ಹಿಮ ಸುಟ್ಟ ಗಾಯ, ರೋಗವಲ್ಲ. ಸುಳಿಯನ್ನು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಗಿಡ ಬದುಕಿದೆ, ಹೊಸ ಎಲೆ ಬರುತ್ತದೆ. ಮೆತ್ತಗಾಗಿ ಜಾರುತ್ತಿದ್ದರೆ ಆಸೆ ಬಿಡಿ. ಹೆಪ್ಪುಗಟ್ಟಿದ ಎಲೆಯನ್ನು ಮಾತ್ರ ಮುಟ್ಟಬೇಡಿ, ಮುರಿದಲ್ಲಿಂದ ಕೊಳೆ ಒಳಗೆ ಇಳಿಯುತ್ತದೆ.

ಚಳಿಯಲ್ಲಿ ಈರುಳ್ಳಿ ಸಾಯುವುದು ಚಳಿಗಿಂತ ಹೆಚ್ಚಾಗಿ ನೀರಿಗೆ. ತಂಪು ಮಣ್ಣು ನಿಧಾನಕ್ಕೆ ಒಣಗುತ್ತದೆ, ಬೇರಿಗೆ ಗಾಳಿ ಸಿಗದೆ ಹೊಸ ಬೇರು ಹುಟ್ಟುವುದೇ ನಿಂತುಹೋಗುತ್ತದೆ. ಒಂದು ಗೇಣು ಆಳ ಕುಣಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಮತ್ತೆ ತುಂಬಿಸಿ ಕಾಯಿರಿ. ನಾಲ್ಕೈದು ಗಂಟೆ ಕಳೆದರೂ ನೀರು ನಿಂತೇ ಇದ್ದರೆ ಆ ಜಾಗಕ್ಕೆ ಏರುಮಡಿ ಇಲ್ಲದೆ ಈರುಳ್ಳಿ ಇಡಬಾರದು. ಬೆಳೆ ನಿಂತಿರುವಾಗ ಮಾಡಬಹುದಾದದ್ದು ಮಡಿಯ ಎರಡೂ ಬದಿಗೆ ಕಾಲುವೆ ತೆಗೆದು ನೀರು ಹರಿಯಬಿಡುವುದಷ್ಟೇ. ದಪ್ಪ ಹೊದಿಕೆ ಹಾಕಿದ್ದರೆ ಬುಡದಿಂದ ಅದನ್ನು ಸರಿಸಿ.

ಎಲೆ ಹಳದಿ

ಇದಕ್ಕೆ ಹತ್ತು ಕಾರಣ ಹೇಳುವವರಿದ್ದಾರೆ. ಆದರೆ ಯಾವ ಎಲೆ, ಎಲ್ಲಿಂದ ಶುರುವಾಯಿತು ಎಂದು ನೋಡಿದರೆ ಪಟ್ಟಿ ಚಿಕ್ಕದಾಗುತ್ತದೆ. ಮಡಿಪೂರ್ತಿ, ಹೊರಗಿನ ಹಳೆಯ ಎಲೆಗಳು ತುದಿಯಿಂದ ಹಳದಿಯಾಗಿ, ಒಳಗಿನ ಎಲೆ ಪೇಲವ ಹಸಿರಾಗಿದ್ದು, ಬೇರು ಬಿಳಿಯಾಗಿದ್ದರೆ ಸಾರಜನಕ ಕಡಿಮೆಯಾಗಿದೆ. ಚಳಿಯ ಮಳೆ ನೈಟ್ರೇಟ್ ರೂಪದ ಸಾರಜನಕವನ್ನು ಬೇರಿನ ಕೆಳಗೆ ತೊಳೆದುಬಿಡುತ್ತದೆ, ತಂಪಾದ ಮಣ್ಣಿನಲ್ಲಿ ಕೊಟ್ಟಿಗೆ ಗೊಬ್ಬರವೂ ಬೇಗ ಕಳಿತು ಸಾರ ಬಿಡುವುದಿಲ್ಲ. ಹಗಲು ಉದ್ದವಾಗಿ ಹೊಸ ಎಲೆ ಚಿಗುರಲು ಶುರುವಾದ ಕೂಡಲೇ ಬೇಗ ಕರಗುವ ಸಾರಜನಕವನ್ನು ಸ್ವಲ್ಪವಾಗಿ, ಎರಡು ಕಂತಿನಲ್ಲಿ ಕೊಡಿ. ಕಡುಚಳಿಯಲ್ಲಿ ಕೊಟ್ಟರೆ ಅರ್ಧ ನೀರಿನ ಜೊತೆ ಹೋಗುತ್ತದೆ, ಉಳಿದರ್ಧ ಎಲೆಯನ್ನು ಮೃದುವಾಗಿಸಿ ಹಿಮಕ್ಕೆ ಬಲಿ ಕೊಡುತ್ತದೆ. ಎಳೆಯ ಎಲೆಗಳೇ ಮೊದಲು ಹಳದಿಯಾದರೆ ಗಂಧಕದ ಕೊರತೆಯನ್ನು ಅನುಮಾನಿಸಿ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6ರಿಂದ 7ರ ನಡುವೆ ಇದೆಯೇ ಎಂದೂ ನೋಡಿಕೊಳ್ಳಿ.

ಬೇರು ಕಂದಾಗಿ ಮೆತ್ತಗಾಗಿದ್ದರೆ ಗೊಬ್ಬರ ಕೊಡುವುದೇ ತಪ್ಪು. ಕುಡಿಯುವ ಬೇರೇ ಇಲ್ಲದಾಗ ಗೊಬ್ಬರದ ಉಪ್ಪು ಇನ್ನಷ್ಟು ಸುಡುತ್ತದೆ. ಮೊದಲು ನೀರು ಹೊರಗೆ ಹೋಗಲಿ. ಗುಲಾಬಿ ಬಣ್ಣಕ್ಕೆ ತಿರುಗಿದ ಬೇರು ಕಂಡರೆ ಅದು ಗುಲಾಬಿ ಬೇರು ರೋಗ. ಆ ಶಿಲೀಂಧ್ರಕ್ಕೆ ಬೆಚ್ಚಗಿನ ಮಣ್ಣೇ ಇಷ್ಟ, ಅದರಿಂದ ಹದವಾದ ಚಳಿಯ ಕಡೆ ಹೆಚ್ಚು. ಬೇರು ಗುಲಾಬಿಯಿಂದ ನೇರಳೆಗೆ ತಿರುಗಿ ಒಣಗುತ್ತದೆ, ಗಿಡ ಸಾಯದೆ ಕುಗ್ಗಿಕೊಂಡೇ ನಿಲ್ಲುತ್ತದೆ. ಈ ಬೆಳೆಗೆ ನೀರು ತಪ್ಪದಂತೆ ನೋಡಿಕೊಳ್ಳಿ, ಮುಂದಿನ ಕೆಲವು ವರ್ಷ ಮಡಿ ಬದಲಿಸಿ.

ಹೂದಂಡು ಎದ್ದರೆ

ಚಳಿಗಾಲದ ಈರುಳ್ಳಿಯ ದೊಡ್ಡ ದೂರು ಇದೇ, ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವುದೂ ಇದೇ.

ಮೊದಲು ಗುರುತು. ಎಲೆಗೆ ಒಂದು ಬದಿ ತುಸು ಚಪ್ಪಟೆ, ತುದಿ ಸಪೂರ. ಹೂದಂಡು ಸುತ್ತಲೂ ಗುಂಡಗೆ, ಒಳಗೆ ಟೊಳ್ಳು, ನಡುಭಾಗಕ್ಕಿಂತ ತುಸು ಕೆಳಗೆ ಉಬ್ಬಿರುತ್ತದೆ, ತುದಿಯಲ್ಲಿ ತೆಳು ಪೊರೆಯೊಳಗೆ ಮೊಗ್ಗು.

ಈರುಳ್ಳಿ ಎರಡು ವರ್ಷದ ಗಿಡ. ಸಹಜ ಕ್ರಮದಲ್ಲಿ ಮೊದಲ ವರ್ಷ ಗಡ್ಡೆ, ಚಳಿ ಕಂಡ ಬಳಿಕ ಎರಡನೆಯ ವರ್ಷ ಹೂವು. ನಾವು ಚಳಿಯನ್ನೇ ಮೊದಲ ವರ್ಷದ ನಡುವೆ ತಂದು ನಿಲ್ಲಿಸುತ್ತಿದ್ದೇವೆ. ಆಗ ಗಿಡ ಮೋಸ ಹೋಗುತ್ತದೋ ಇಲ್ಲವೋ ಎಂಬುದು ಎರಡು ಸಂಗತಿ ಒಟ್ಟಿಗೆ ಸೇರುವುದರ ಮೇಲೆ ನಿಂತಿದೆ. ಒಂದು, ಗಿಡದ ಗಾತ್ರ. ಸಣ್ಣ ಸಸಿಗೆ ಚಳಿಯ ಸೂಚನೆ ತಾಗುವುದೇ ಇಲ್ಲ. ಬುಡ ಸುಮಾರು ಪೆನ್ಸಿಲ್ ದಪ್ಪಕ್ಕೆ, ಅಂದರೆ 6–7 ಮಿಲಿಮೀಟರ್ ದಾಟಿದ ಮೇಲೆ ತಾಗುತ್ತದೆ. ಎರಡು, ತಂಪಿನ ಅವಧಿ. ಸುಮಾರು 5ರಿಂದ 13 ಡಿಗ್ರಿ ಸೆಲ್ಸಿಯಸ್ ನಡುವಿನ ತಂಪು ಹಲವು ವಾರ ಸಿಗಬೇಕು. ಕೊರೆಯುವ ಹಿಮಕ್ಕಿಂತ ಈ ಹದವಾದ ತಂಪೇ ಹೂವಿಗೆ ಹೆಚ್ಚು ಪ್ರಚೋದನೆ ಕೊಡುತ್ತದೆ. ಹಿಮವನ್ನೇ ಕಾಣದ ತೋಟದಲ್ಲೂ ಹೂದಂಡು ಏಳುವುದು ಇದರಿಂದ.

ಈಗ ಮಡಿಯನ್ನು ಓದುವುದು ಸುಲಭ. ಇಡೀ ಮಡಿ ಹೂ ಬಿಟ್ಟರೆ ಬಿತ್ತನೆ ಬೇಗವಾಯಿತು, ಅಥವಾ ಚಳಿ ದಾಟಿಸಲು ಒಗ್ಗದ ತಳಿ. ಅಲ್ಲಲ್ಲಿ ದಪ್ಪ ಗಿಡಗಳು ಮಾತ್ರ ಬಿಟ್ಟರೆ ಬಿತ್ತನೆಯ ದಿನ ಸರಿಯಿತ್ತು, ನಾಟಿ ಮಾಡುವಾಗ ಸಸಿಗಳನ್ನು ಗಾತ್ರದ ಪ್ರಕಾರ ಆರಿಸಲಿಲ್ಲ. ನಾಟಿ ಗಡ್ಡೆಯಿಂದ ಬೆಳೆಸಿದ್ದಲ್ಲಿ 2 ಸೆಂಟಿಮೀಟರ್‌ಗಿಂತ ಅಗಲದ ಗಡ್ಡೆಗಳೇ ಹೆಚ್ಚು ಹೂ ಬಿಟ್ಟಿರುತ್ತವೆ, ಅಳೆದು ನೋಡಿ. ಅಂಥ ಗಡ್ಡೆಗಳನ್ನು ಕೆಲವು ವಾರ 25–30 ಡಿಗ್ರಿಯ ಬೆಚ್ಚಗಿನ ಜಾಗದಲ್ಲಿ ಇಟ್ಟು ಮಾರುವ ಪದ್ಧತಿ ಇದೆ. ಒಳಗಿನ ಹೂಮೊಗ್ಗನ್ನು ಆ ಶಾಖ ಅಡಗಿಸುತ್ತದೆ.

ಇನ್ನೊಂದು ಕಾರಣ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಹಸಿದ ಗಿಡ ಹೆಚ್ಚು ಹೂ ಬಿಡುತ್ತದೆ. ಚಳಿ ಮುಗಿಯುವಾಗ ಸಾರಜನಕ ಸಿಗದೆ ಹಳದಿಯಾಗಿ ನಿಂತ ಮಡಿಯಲ್ಲಿ ಹೂದಂಡಿನ ಪ್ರಮಾಣ ಏರುತ್ತದೆ. ಹೂ ಬರುತ್ತದೆಂಬ ಭಯದಲ್ಲಿ ಗೊಬ್ಬರವನ್ನೇ ನಿಲ್ಲಿಸುವುದು ಅದಕ್ಕೇ ತಪ್ಪು ಮದ್ದು.

ದಂಡು ಎದ್ದ ಮೇಲೆ ಮುರಿದು ಪ್ರಯೋಜನವಿದೆಯೇ? ಗಡ್ಡೆ ಮತ್ತೆ ಮೊದಲಿನಂತಾಗುವುದಿಲ್ಲ. ದಂಡಿನ ಬುಡ ಗಡ್ಡೆಯ ನಡುವೆ ಗಟ್ಟಿ ಕಡ್ಡಿಯಾಗಿ ಉಳಿಯುತ್ತದೆ, ಟೊಳ್ಳಿನಿಂದ ನೀರು ಇಳಿದು ಕೊಳೆಯುತ್ತದೆ. ನನ್ನ ಮಟ್ಟಿಗೆ ಅಂಥ ಗಿಡಗಳನ್ನು ಕಂಡ ಕೂಡಲೇ ಕಿತ್ತು ಹಸಿಯಾಗಿ ಬಳಸುವುದೇ ಸರಿ. ಜಾಗ, ಬೆಳಕು, ಆಹಾರ ಪಕ್ಕದ ಗಿಡಗಳಿಗೆ ಸಿಗುತ್ತದೆ. ಈ ಗಿಡಗಳಿಂದ ಬೀಜ ಹಿಡಿಯುವ ಆಸೆ ಬೇಡ. ಬೇಗ ಹೂ ಬಿಡುವ ಗುಣವನ್ನೇ ಮುಂದಿನ ತಲೆಮಾರಿಗೆ ಆರಿಸಿದಂತಾಗುತ್ತದೆ.

ಮುಂದಿನ ಬಾರಿಗೆ: ಚಳಿ ಶುರುವಾಗುವಾಗ ಸಸಿಗೆ ಮೂರು ನಾಲ್ಕು ಎಲೆ, ಪೆನ್ಸಿಲ್‌ಗಿಂತ ಸಪೂರ ಬುಡ. ಗುರಿ ಇಷ್ಟೇ. ಹಿಮ ಬೀಳುವ ಕಡೆ ಮೊದಲ ಗಟ್ಟಿ ಹಿಮಕ್ಕೆ ಎಂಟು ಹತ್ತು ವಾರ ಮುನ್ನ ಬಿತ್ತಿದರೆ ಸಾಮಾನ್ಯವಾಗಿ ಈ ಗಾತ್ರ ಸಿಗುತ್ತದೆ. ಆದರೆ ಪ್ರತಿ ವರ್ಷದ ಚಳಿ ಬೇರೆ. ಹತ್ತು ದಿನದ ಅಂತರದಲ್ಲಿ ಮೂರು ಸಲ ಸ್ವಲ್ಪ ಸ್ವಲ್ಪ ಬಿತ್ತಿ, ಯಾವ ಸಾಲು ಯಾವ ದಿನದ್ದು ಎಂದು ಕಡ್ಡಿಯ ಮೇಲೆ ಬರೆದಿಡಿ. ಬೇಗದ್ದು ಹೂ ಬಿಟ್ಟು, ತಡದ್ದು ಹಿಮಕ್ಕೆ ಸತ್ತರೂ ನಡುವಿನದು ಉಳಿಯುತ್ತದೆ, ನಿಮ್ಮ ತೋಟದ ಸರಿಯಾದ ದಿನವೂ ತಿಳಿಯುತ್ತದೆ. ಚಳಿ ದಾಟಿಸಲೆಂದೇ ಆರಿಸಿದ ಸೆನ್ಶು ಬಗೆಯ ಜಪಾನಿ ತಳಿಗಳು ಹಿಮದ ನಾಡುಗಳಲ್ಲಿ ಬಳಕೆಗೆ ಬಂದದ್ದು ಈ ಕಿರಿದಾದ ಅವಧಿಯನ್ನು ಅವು ಚೆನ್ನಾಗಿ ತಾಳಿಕೊಳ್ಳುವುದರಿಂದ.

ಎಲೆ ಸೊಂಪು, ಗಡ್ಡೆ ಇಲ್ಲ

ಮೊದಲು ಗಡ್ಡೆ ಕಟ್ಟಲು ಶುರುವಾಗಿದೆಯೇ ಎಂದು ಅಳೆಯಿರಿ. ಗಡ್ಡೆಯ ಅತಿ ಅಗಲವಾದ ಭಾಗ ಕುತ್ತಿಗೆಯ ಅತಿ ಸಪೂರ ಭಾಗಕ್ಕಿಂತ ಎರಡರಷ್ಟಾದರೆ ಶುರುವಾಗಿದೆ ಎಂದರ್ಥ. ಅದಕ್ಕಿಂತ ಕಡಿಮೆಯಿದ್ದರೆ ಗಿಡ ಇನ್ನೂ ಎಲೆಯ ಹಂತದಲ್ಲೇ ಇದೆ.

ಗಡ್ಡೆ ಕಟ್ಟುವ ಸಮಯವನ್ನು ಗಿಡ ಹಗಲಿನ ಉದ್ದದಿಂದ ತಿಳಿಯುತ್ತದೆ. ಅಲ್ಪಹಗಲು ತಳಿಗಳಿಗೆ 11–12 ಗಂಟೆ ಬೆಳಕು ಸಾಕು, ಮಧ್ಯಮ ತಳಿಗಳಿಗೆ 13–14 ಗಂಟೆ, ದೀರ್ಘಹಗಲು ತಳಿಗಳಿಗೆ 14ರಿಂದ 16 ಗಂಟೆ ಬೇಕು. ಸಮಭಾಜಕದ ಬಳಿ ವರ್ಷವಿಡೀ ಹಗಲು ಸುಮಾರು 12 ಗಂಟೆ. 15 ಡಿಗ್ರಿ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆಯ ಆಸುಪಾಸು. 30 ಡಿಗ್ರಿಯಲ್ಲಿ 14, 50 ಡಿಗ್ರಿಯಲ್ಲಿ 16 ಗಂಟೆಗೂ ಮೀರಿ. ಸಮಭಾಜಕಕ್ಕೆ ಹತ್ತಿರದಲ್ಲಿದ್ದು ದೀರ್ಘಹಗಲು ತಳಿ ಬಿತ್ತಿದರೆ ಎಷ್ಟು ಗೊಬ್ಬರ ಹಾಕಿದರೂ ಅದು ಎಲೆಯನ್ನೇ ಬೆಳೆಸುತ್ತದೆ. ಇದಕ್ಕೆ ಮಡಿಯಲ್ಲಿ ಪರಿಹಾರವಿಲ್ಲ. ಹಸಿರು ಈರುಳ್ಳಿಯಾಗಿ ಕಿತ್ತು ಬಳಸಿ, ಬೀಜದ ಪೊಟ್ಟಣ ಬದಲಿಸಿ.

ತಿರುವುಮುರುವೂ ಆಗುತ್ತದೆ. ಗಡ್ಡೆ ಬೇಗ ಬಂದಿದೆ, ಆದರೆ ಗೋಲಿಯಷ್ಟೇ. ಗಡ್ಡೆಯ ಒಂದೊಂದು ಪದರವೂ ಒಂದೊಂದು ಎಲೆಯ ಬುಡ. ಹಗಲು ಸಾಕಷ್ಟು ಉದ್ದವಾದ ಕೂಡಲೇ ಗಿಡ ಹೊಸ ಎಲೆ ಬಿಡುವುದನ್ನು ನಿಲ್ಲಿಸಿ ಇದ್ದ ಎಲೆಗಳ ಬುಡವನ್ನು ದಪ್ಪಗಾಗಿಸುತ್ತದೆ. ಆ ದಿನ ನಾಲ್ಕೇ ಎಲೆ ಇದ್ದರೆ ಗಡ್ಡೆಯೂ ಅಷ್ಟಕ್ಕೇ. ಎಂಟೊಂಬತ್ತು ಎಲೆ ಇದ್ದರೆ ಒಳ್ಳೆಯ ಗಡ್ಡೆ. ಹೀಗಾಗಿ ಸಣ್ಣ ಗಡ್ಡೆಯ ಕಾರಣವನ್ನು ಗಡ್ಡೆ ಕಟ್ಟುವ ತಿಂಗಳಲ್ಲಿ ಹುಡುಕಬಾರದು, ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ಹುಡುಕಬೇಕು. ತಡವಾದ ಬಿತ್ತನೆ, ಚಳಿಯಲ್ಲಿ ಹಸಿವು, ನೀರು ನಿಂತು ಸತ್ತ ಬೇರು, ಎಲ್ಲಕ್ಕಿಂತ ಹೆಚ್ಚಾಗಿ ಕಳೆ. ಈರುಳ್ಳಿಯ ಸಪೂರ ಎಲೆ ನೆಲಕ್ಕೆ ನೆರಳು ಕೊಡುವುದಿಲ್ಲ, ಕಳೆ ಸಲೀಸಾಗಿ ಮೇಲೇರುತ್ತದೆ. ಕಳೆಯ ಎಲೆಗಳ ಮೂಲಕ ಸೋಸಿ ಬರುವ ಬೆಳಕಿನಲ್ಲಿ ಕೆಂಪಿನ ಅಂಶ ಕಡಿಮೆಯಾಗಿ ಕಡುಗೆಂಪಿನಾಚೆಯ ಅಂಶ ಹೆಚ್ಚುತ್ತದೆ. ಅದನ್ನು ಗ್ರಹಿಸಿದ ಈರುಳ್ಳಿ ಅವಸರದಲ್ಲಿ ಗಡ್ಡೆ ಕಟ್ಟಿ ಮುಗಿಸುತ್ತದೆ. ತೀರಾ ಒತ್ತಾಗಿ ನೆಟ್ಟರೂ ಹೀಗೆಯೇ. ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್, ಸಾಲಿನಿಂದ ಸಾಲಿಗೆ 20–25 ಸೆಂಟಿಮೀಟರ್ ಇದ್ದರೆ ಕೈತೋಟಕ್ಕೆ ಹದ.

ಗಡ್ಡೆ ಬಂದೂ ಕುತ್ತಿಗೆ ದಪ್ಪವಾಗಿ ಉಳಿದು, ಎಲೆ ಬಾಗದೆ ನೆಟ್ಟಗೆ ನಿಂತಿದ್ದರೆ ಸಾರಜನಕ ತಡವಾಗಿ ಬಿದ್ದಿದೆ ಅಥವಾ ಕೊನೆಯವರೆಗೂ ನೀರು ನಿಲ್ಲಿಸಿಲ್ಲ. ಗಡ್ಡೆ ಕಟ್ಟಲು ಶುರುವಾದ ಮೇಲೆ ಸಾರಜನಕ ಬೇಡವೇ ಬೇಡ. ಎಲೆಯನ್ನು ಕಾಲಿನಿಂದ ತುಳಿದು ಬಾಗಿಸುವ ರೂಢಿಯೂ ಉಂಟು. ಅದರಿಂದ ಕುತ್ತಿಗೆ ಗಾಯವಾಗುತ್ತದೆಯೇ ಹೊರತು ಮಾಗುವುದಿಲ್ಲ. ಜೋಡುಗಡ್ಡೆ, ಸೀಳಿದ ಗಡ್ಡೆ ಕಂಡರೆ ಮಣ್ಣು ಒಣಗಿ ಬಿರುಕು ಬಿಟ್ಟು, ಆಮೇಲೆ ಒಮ್ಮೆಲೇ ನೆನೆದ ನೆನಪಿದೆಯೇ ಎಂದು ಕೇಳಿಕೊಳ್ಳಿ. ದೊಡ್ಡ ನಾಟಿ ಗಡ್ಡೆಯಲ್ಲಿ ಎರಡು ಸುಳಿ ಮೊದಲೇ ಇರುವುದೂ ಉಂಟು.

ಗುಂಪುಗುಂಪಾಗಿ ಬಾಡಿದರೆ

ಇಲ್ಲಿ ತಪ್ಪು ಗುರುತಿಸಿದರೆ ತೋಟಕ್ಕೆ ವರ್ಷಗಟ್ಟಲೆ ನಷ್ಟ, ಅದಕ್ಕೇ ನಿಧಾನವಾಗಿ ನೋಡಿ. ಮೂರು ಕಾರಣ ಒಂದೇ ಥರ ಕಾಣುತ್ತವೆ, ಬುಡ ಮಾತ್ರ ಬೇರೆ ಬೇರೆ ಹೇಳುತ್ತದೆ.

ಬುಡದಲ್ಲಿ ಹತ್ತಿಯಂಥ ಬಿಳಿ ಬೂಜು, ಅದರ ನಡುವೆ ಅರ್ಧ ಮಿಲಿಮೀಟರ್‌ಗಿಂತ ಚಿಕ್ಕ ಕಪ್ಪು ಕಾಳುಗಳಿದ್ದರೆ ಬಿಳಿ ಕೊಳೆ. ಸ್ಕ್ಲೆರೋಷಿಯಂ ಸೆಪಿವೋರಮ್ ಎಂಬ ಶಿಲೀಂಧ್ರದ್ದು. ಮಣ್ಣು 10ರಿಂದ 20 ಡಿಗ್ರಿ ಇರುವಾಗ ಚುರುಕು, ಹಾಗಾಗಿ ಚಳಿ ಮುಗಿಯುವ ತಿಂಗಳುಗಳಲ್ಲಿ ಹೊರಬೀಳುತ್ತದೆ. ಆ ಕಪ್ಪು ಕಾಳುಗಳು ಆತಿಥೇಯ ಗಿಡ ಇಲ್ಲದೆಯೂ ಮಣ್ಣಿನಲ್ಲಿ ಇಪ್ಪತ್ತು ವರ್ಷದ ತನಕ ಬದುಕಿರಬಲ್ಲವು. ಈರುಳ್ಳಿ ಜಾತಿಯ ಬೇರು ಬಿಡುವ ಗಂಧಕದ ಸಂಯುಕ್ತಗಳ ಸುಳಿವು ಸಿಕ್ಕಾಗಲೇ ಮೊಳೆಯುತ್ತವೆ. ಮದ್ದಿಲ್ಲ. ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ಎತ್ತಿ ಚೀಲಕ್ಕೆ ಹಾಕಿ ತೋಟದಿಂದ ಹೊರಗೆ ಸಾಗಿಸಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಗುದ್ದಲಿ, ಚಪ್ಪಲಿ ತೊಳೆಯದೆ ಪಕ್ಕದ ಮಡಿಗೆ ಕಾಲಿಡಬೇಡಿ. ಆ ಜಾಗದಲ್ಲಿ ಬೆಳ್ಳುಳ್ಳಿ, ಲೀಕ್‌ನಂಥ ಈರುಳ್ಳಿ ಜಾತಿಯ ಬೇರೆ ಬೆಳೆಗಳೂ ಬೇಡ.

ಬೂಜು ಕಡಿಮೆ, ಕಪ್ಪು ಕಾಳಿಲ್ಲ, ಆದರೆ ಸೀಳಿದಾಗ ತಳದ ಬಿಲ್ಲೆಯಿಂದ ಮೇಲಕ್ಕೆ ಕಂದು ಬಣ್ಣ ಏರಿದೆ ಎಂದರೆ ಫ್ಯುಸೇರಿಯಂ ಎಂಬ ಶಿಲೀಂಧ್ರದ ಬುಡ ಕೊಳೆ. ಇದು 25–28 ಡಿಗ್ರಿಯ ಬೆಚ್ಚಗಿನ ಮಣ್ಣಿನದು. ಚಳಿ ಮುಗಿದು ಬಿಸಿಲೇರುವಾಗ ಕಾಣುತ್ತದೆ, ಕಿತ್ತು ಕೂಡಿಟ್ಟ ಮೇಲೂ ಮುಂದುವರಿಯುತ್ತದೆ. ಗುದ್ದಲಿ ತಾಗಿದ ಗಾಯ, ಹುಳು ಕೊರೆದ ತೂತು ಇದಕ್ಕೆ ಬಾಗಿಲು. ನಾಲ್ಕು ವರ್ಷ ಬೆಳೆ ಬದಲಿಸಿದರೆ ತಗ್ಗುತ್ತದೆ.

ಎಲೆ ಹಿಡಿದು ಎಳೆದರೆ ಬುಡವಿಲ್ಲದೆ ಕೈಗೆ ಬಂದು, ಒಳಗೆ ಕಾಲಿಲ್ಲದ ಬಿಳಿ ಹುಳುಗಳು ಕಂಡರೆ ಈರುಳ್ಳಿ ನೊಣದ ಮರಿ. ಇದು ತಂಪು ನಾಡಿನ ಕೀಟ. ನೊಣ ಬುಡದ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ, ಮರಿ ಗಡ್ಡೆ ತಿಂದು ಮಣ್ಣಿನಲ್ಲೇ ಕೋಶವಾಗಿ ಚಳಿ ಕಳೆಯುತ್ತದೆ. ಸೂಕ್ಷ್ಮ ಕಣ್ಣಿನ ಬಲೆ ಹೊದಿಸುವುದು ಒಳ್ಳೆಯ ರಕ್ಷಣೆ. ಆದರೆ ಹೋದ ವರ್ಷ ಈರುಳ್ಳಿ ಇದ್ದ ಮಡಿಯ ಮೇಲೆ ಹೊದಿಸಬೇಡಿ, ನೊಣ ಬಲೆಯ ಒಳಗೇ ಹುಟ್ಟಿ ಬರುತ್ತದೆ.

ಎಲೆಯ ಮೇಲೆ ಮಚ್ಚೆ, ಗೆರೆ

ಬೆಳ್ಳಿ ಬಣ್ಣದ ಗೀಚುಗೆರೆ, ಜೊತೆಗೆ ಕಪ್ಪು ಚುಕ್ಕೆಯಂಥ ಹಿಕ್ಕೆ ಕಂಡರೆ ಥ್ರಿಪ್ಸ್ ಎಂಬ ಸಣ್ಣ ರಸ ಹೀರುವ ಕೀಟ. ಒಳಗಿನ ಎರಡು ಎಲೆಗಳ ಸಂದನ್ನು ಬಿಡಿಸಿ ನೋಡಿ, ಅಲ್ಲಿ ಹಳದಿ ಮರಿಗಳು ಓಡಾಡುತ್ತವೆ. ಚಳಿಯಲ್ಲಿ ಮಂದ, ಒಣ ಬಿಸಿಲು ಬಂದಂತೆ ಏರುತ್ತವೆ. ಸಂದಿನಲ್ಲಿ ಅಡಗುವುದರಿಂದ ಮೇಲಿಂದ ಹಾರಿಸಿದ ಔಷಧಿ ಮುಟ್ಟುವುದೇ ಇಲ್ಲ. ನೀರಿನ ತುಂತುರನ್ನು ಸಂದಿಗೆ ಬೀಳುವಂತೆ ಬೆಳಿಗ್ಗೆ ಹಾಯಿಸಿದರೆ ಸಂಖ್ಯೆ ಇಳಿಯುತ್ತದೆ.

ಎಲೆಯಲ್ಲಿ ಉದ್ದನೆಯ ಪೇಲವ ಮಚ್ಚೆ, ಇಬ್ಬನಿ ಆರುವ ಮುನ್ನ ಅದರ ಮೇಲೆ ಬೂದು ಮಿಶ್ರಿತ ನೇರಳೆ ತುಪ್ಪಟ ಕಂಡರೆ ಡೌನಿ ಮಿಲ್ಡ್ಯೂ ಎಂಬ ರೋಗ. ಬಿಸಿಲೇರಿದ ಮೇಲೆ ನೋಡಿದರೆ ಗುರುತು ಸಿಗದಿರಬಹುದು. ಈ ರೋಗ ಹೆಚ್ಚಾಗಿ ಚಳಿ ದಾಟುವುದು ನಮ್ಮ ಚಳಿಗಾಲದ ಈರುಳ್ಳಿಯ ಮೈಯಲ್ಲೇ. ಒಳಗೆಲ್ಲ ಸೋಂಕು ಹರಡಿದ ಗಿಡ ಕುಳ್ಳಾಗಿ, ಪೇಲವವಾಗಿ, ಎಲೆ ತಿರುಚಿಕೊಂಡು ನಿಂತಿರುತ್ತದೆ. ಚಳಿಯ ಕೊನೆಯಲ್ಲಿ ಅಂಥವನ್ನು ಹುಡುಕಿ ಕಿತ್ತುಹಾಕುವುದು ಯಾವ ಸಿಂಪಡಣೆಗಿಂತಲೂ ಮೇಲು. ಹೊಸ ಈರುಳ್ಳಿಯ ಸಸಿಮಡಿಯನ್ನು ಹಳೆ ಬೆಳೆಯ ಪಕ್ಕದಲ್ಲಿ ಮಾಡಲೂಬೇಡಿ.

ತಗ್ಗಿದ ಮಚ್ಚೆಯ ನಡುವೆ ನೇರಳೆ, ಸುತ್ತ ಹಳದಿ ಅಂಚು, ಎಲೆ ಅಲ್ಲೇ ಮುರಿದು ಬೀಳುತ್ತಿದ್ದರೆ ನೇರಳೆ ಮಚ್ಚೆ ರೋಗ. 25 ಡಿಗ್ರಿ ಆಸುಪಾಸಿನ ಶಾಖಕ್ಕೆ ತೇವ ಸೇರಿದಾಗ ಬರುತ್ತದೆ. ಥ್ರಿಪ್ಸ್ ಗಾಯವಿದ್ದಲ್ಲಿ ಬೇಗ ಅಂಟುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ಹುಡುಕಿ.

ಕಿತ್ತ ಮೇಲೆ ಕೆಟ್ಟರೆ

ಹೊರಗೆ ಚೆನ್ನಾಗಿದ್ದ ಗಡ್ಡೆಯ ಕುತ್ತಿಗೆ ಎರಡು ಮೂರು ತಿಂಗಳ ಬಳಿಕ ಮೆತ್ತಗಾಗಿ, ಬೂದು ಬೂಜು ಬಂದರೆ ಕುತ್ತಿಗೆ ಕೊಳೆ. ಸೋಂಕು ಬೀಜದಿಂದಲೋ ಮಡಿಯಿಂದಲೋ ಬಂದಿರುತ್ತದೆ, ಒಣಗದ ದಪ್ಪ ಕುತ್ತಿಗೆ ಅದಕ್ಕೆ ಒಳದಾರಿ ಕೊಟ್ಟಿರುತ್ತದೆ. ನಡುವಿನ ಒಂದೇ ಪದರ ಕೊಳೆತು ಉಳಿದವು ಗಟ್ಟಿಯಾಗಿದ್ದರೆ ಬ್ಯಾಕ್ಟೀರಿಯಾ, ಕುತ್ತಿಗೆಯಿಂದ ನೀರಿನ ಜೊತೆ ಇಳಿದದ್ದು. ಎರಡಕ್ಕೂ ತಡೆ ಒಂದೇ. ಅರ್ಧಕ್ಕಿಂತ ಹೆಚ್ಚು ಗಿಡಗಳ ಎಲೆ ತಾನಾಗಿ ಬಾಗಿದ ಮೇಲೆ ನೀರು ನಿಲ್ಲಿಸಿ, ಒಣ ಹವೆ ನೋಡಿ ಕೀಳಿ. ಎಲೆ ಕತ್ತರಿಸದೆ, ನೆರಳಿನಲ್ಲಿ ಗಾಳಿಯಾಡುವಂತೆ ಒಂದು ಪದರವಾಗಿ ಹರಡಿ, ಕುತ್ತಿಗೆ ಹಿಸುಕಿದಾಗ ಜಾರದೆ ಕಾಗದದಂತೆ ಸರಗುಟ್ಟುವವರೆಗೆ ಒಣಗಿಸಿ. ಎರಡು ವಾರ ಹಿಡಿಯಬಹುದು.

ಮೊಳಕೆ ಬಂದರೆ ಇಟ್ಟ ಜಾಗದ ಉಷ್ಣತೆ ನೋಡಿ. 10ರಿಂದ 20 ಡಿಗ್ರಿಯ ನಡುವೆ ಗಡ್ಡೆ ಬೇಗ ಎಚ್ಚರಗೊಳ್ಳುತ್ತದೆ. ಶೂನ್ಯದ ಹತ್ತಿರದ ತಂಪಿನಲ್ಲಿ, ಇಲ್ಲವೇ 25 ಡಿಗ್ರಿಗೆ ಮೇಲೆ ಗಾಳಿಯಾಡುವ ಒಣ ಜಾಗದಲ್ಲಿ ಹೆಚ್ಚು ಕಾಲ ಸುಪ್ತವಾಗಿರುತ್ತದೆ. ಅಂದಹಾಗೆ ಅಲ್ಪಹಗಲು ತಳಿಗಳು, ಚಳಿ ದಾಟಿಸುವ ತಳಿಗಳು ಹೆಚ್ಚಿನವು ನೀರಿನಂಶ ಜಾಸ್ತಿಯಿರುವಂಥವು, ಕೆಲವು ತಿಂಗಳಿಗಿಂತ ಹೆಚ್ಚು ತಾಳಿಕೆ ಬರುವುದಿಲ್ಲ. ಅದು ನಿಮ್ಮ ಕೆಲಸದ ದೋಷವಲ್ಲ. ಒಣಗಿಸಿದ ದಿನವೇ ಗಡ್ಡೆಗಳನ್ನು ಮೂರು ರಾಶಿ ಮಾಡಿ. ಹೂದಂಡು ಎದ್ದವು, ದಪ್ಪ ಕುತ್ತಿಗೆಯವು, ಗಾಯವಾದವು ಮೊದಲ ವಾರಗಳಿಗೆ. ಜೋಡುಗಡ್ಡೆ ಅದರ ನಂತರಕ್ಕೆ. ಸಪೂರ ಕುತ್ತಿಗೆ ಬಿಗಿಯಾಗಿ ಒಣಗಿದ ಒಂಟಿ ಗಡ್ಡೆಗಳನ್ನು ಮಾತ್ರ ಬಲೆ ಚೀಲದಲ್ಲಿ ತೂಗುಹಾಕಿ.